ನಲವತ್ತನೆಯ ಮನೆಯ ಕೇಬಲ್

ಮಾರ್ಚ್ ೧೪, ಗುರುವಾರ. ಬೆಳಗ್ಗೆ ದಟ್ಟ ಮಂಜು. ಹತ್ತರ ಹೊತ್ತಿಗೆ ಬಿಸಿಲೇರಿತು, ಮಧ್ಯಾಹ್ನ ಗಾಳಿ ಬೀಸಿತು.

ನಮ್ಮ ಅತ್ತಿಗೆ ಮೂವತ್ತೊಂದು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದಾರೆ. ಗುಡ್ಡದ ಹಿಂಬದಿಯ ನಮ್ಮ ಓಣಿಯಲ್ಲಿ ಮೊಬೈಲ್ ಸಿಗ್ನಲ್ ಹೊಸ್ತಿಲಲ್ಲಿ ಸಿಕ್ಕರೆ ಅಡುಗೆಮನೆಯಲ್ಲಿ ಸಿಗುವುದಿಲ್ಲ. ದೂರದ ನಾಟಕ ತಂಡವೊಂದು ಕಳುಹಿಸುವ ಉಡುಪುಗಳ ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಳ್ಳಲು ಅವರು ವಾರಕ್ಕೆರಡು ಸಲ ಬಸ್ಸು ಹತ್ತಿ ಪೇಟೆಗೆ ಹೋಗುತ್ತಿದ್ದರು. ಕಳೆದ ವರ್ಷ ಒಂದು ನಕ್ಷೆ ಎರಡು ದಿನ ತಡವಾಗಿ ಕೈಸೇರಿ, ಆ ಕೆಲಸ ಬೇರೆಯವರ ಪಾಲಾಯಿತು. ಮರುದಿನವೇ ಅತ್ತಿಗೆ ಇಂಟರ್‌ನೆಟ್ ಕಂಪನಿಯ ಕಚೇರಿಗೆ ಹೋಗಿ ಕುಳಿತರು. ಓಣಿಯ ನಲವತ್ತೂ ಮನೆಗಳು ಸೇರಿದರೆ ಮನೆಗೆ ತಿಂಗಳಿಗೆ ಇನ್ನೂರು ರೂಪಾಯಿ. ಒಂದು ಕಡಿಮೆಯಾದರೂ ಆ ದರವಿಲ್ಲ ಎಂದು ಕಂಪನಿಯವರು ತಿಳಿಸಿದರು.

ಮೂವತ್ತೊಂಬತ್ತು ಮನೆಗಳು ಒಂದು ವಾರದಲ್ಲಿ ಒಪ್ಪಿದವು. ಉಳಿದದ್ದು ನಿವೃತ್ತ ಬಸ್ ಚಾಲಕರ ಮನೆ. ಯಾರು ಏನೇ ಹೇಳಿದರೂ ಮೊದಲು ಅಡ್ಡ ಹಾಕುವುದರಿಂದ ಅವರಿಗೆ ಓಣಿಯಲ್ಲಿ ಬ್ರೇಕಣ್ಣ ಎಂದೇ ಹೆಸರು. ಹೊಸದಾಗಿ ಬಣ್ಣ ಹೊಡೆಸಿದ ಗೋಡೆಯ ಅಂದ ಕೆಡಬಾರದೆಂಬ ಷರತ್ತಿನ ಮೇಲೆ ಕಳೆದ ವಾರ ಅವರೂ ಒಪ್ಪಿದರು. ಹಾಗಾಗಿ ಅಲ್ಲಿ ಕೇಬಲ್ ಕೂರಿಸುವ ಕೆಲಸವನ್ನು ಅತ್ತಿಗೆ ತಾವೇ ವಹಿಸಿಕೊಂಡರು. ನಿನ್ನೆ ಕಾಲರಿನ ತುದಿ ಮಡಿಸುವಂತೆ ಗೋಡೆಯ ಏಳು ಮೂಲೆಗಳಲ್ಲೂ ಕೇಬಲನ್ನು ಚೂಪಾಗಿ ಮಡಿಸಿ, ಉಗುರಿನಿಂದ ಒತ್ತಿ, ಕ್ಲಿಪ್ಪು ಹೊಡೆದರು.

ಇಂದು ಕಂಪನಿಯ ಎಂಜಿನಿಯರ್ ಮನೆಮನೆಗೆ ಬಂದು ವೇಗ ಪರೀಕ್ಷಿಸಿದರು. ಮೂವತ್ತೊಂಬತ್ತೂ ಸರಿಯಾಗಿದ್ದವು. ಬ್ರೇಕಣ್ಣನ ಮನೆಯಲ್ಲಿ ಮಾತ್ರ ಇಂಟರ್‌ನೆಟ್ ಪೆಟ್ಟಿಗೆಯ ಕೆಂಪು ದೀಪ ಆರಲಿಲ್ಲ.

"ಅಕ್ಕಾ, ಐದು ಗಂಟೆಗೆ ನಾನು ವರದಿ ಕಳಿಸ್ಬೇಕು. ಇದೊಂದು ಫೇಲಾದ್ರೆ ಯಾರಿಗೂ ಆ ದರ ಸಿಗಲ್ಲ."

"ನಾನಾಗಲೇ ಹೇಳಿದ್ದೆ," ಎಂದರು ಬ್ರೇಕಣ್ಣ. "ಬಟ್ಟೆ ಹೊಲಿಯೋರು ಬಟ್ಟೆ ಹೊಲ್ಕೊಂಡಿರ್ಬೇಕು. ಈಗ ಎಲ್ಲಾ ಬಿಚ್ಚೋದಾ?"

"ಬಿಚ್ಚೋದು ನಂಗೇನು ಹೊಸದಾ ಅಣ್ಣಾ? ನಿಮ್ಮದೊಂದೇ ಪ್ಯಾಂಟನ್ನ ಸೊಂಟದಲ್ಲಿ ಮೂರು ಸಲ ಬಿಚ್ಚಿದೀನಿ."

ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು.

ಎಂಜಿನಿಯರ್ ಒಂದು ಮೂಲೆಯನ್ನು ಬೆರಳಿನಿಂದ ಸವರಿ ನೋಡಿದರು. "ಇಷ್ಟು ಅಚ್ಚುಕಟ್ಟಾಗಿ ಮಡಿಸಿದ್ದೇ ತೊಂದರೆ ಅಕ್ಕಾ. ಒಳಗಿರೋದು ಗಾಜಿನ ಎಳೆ, ಅದರಲ್ಲಿ ಬೆಳಕು ಹರಿಯುತ್ತೆ. ಹೀಗೆ ಮಡಿಸಿದ್ರೆ ಬೆಳಕು ತಿರುಗಲ್ಲ, ಆಚೆ ಸೋರಿಹೋಗುತ್ತೆ."

"ಗುಂಡಗೆ ತಿರುಗಿಸಿದ್ರೆ?"

"ಎಳೆ ಮುರಿದಿಲ್ಲದಿದ್ರೆ ಸರಿಹೋಗ್ಬಹುದು. ಆದ್ರೆ ಇರೋದು ನಲವತ್ತೇ ನಿಮಿಷ."

"ಒಂದು ಜೊತೆ ತೋಳು ಕೂರಿಸೋಕೂ ನಂಗೆ ಅಷ್ಟು ಹೊತ್ತು ಬೇಕಾಗಲ್ಲ."

ಅತ್ತಿಗೆ ಮನೆಗೆ ಹೋಗಿ, ಕಂಕುಳ ಸುತ್ತನ್ನು ಗುರುತಿಸುವ ರಟ್ಟಿನ ಅಚ್ಚನ್ನು ತಂದರು. ಅದನ್ನು ಗೋಡೆಗೆ ಹಿಡಿದು, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಬಾಗು ಗುರುತಿಸಿದರು.

ಬ್ರೇಕಣ್ಣ ಬಾಯಿ ತೆರೆಯುವುದರೊಳಗೆ, "ಉಜ್ಜಿದ್ರೆ ಹೋಗುತ್ತೆ," ಎಂದರು ಅತ್ತಿಗೆ.

ಕ್ಲಿಪ್ಪುಗಳನ್ನು ಕಿತ್ತು, ಮಡಿಕೆಗಳನ್ನು ಬಿಡಿಸಿ, ಕೇಬಲನ್ನು ಗೆರೆಯುದ್ದಕ್ಕೂ ಸಡಿಲವಾಗಿ ಕೂರಿಸುತ್ತ ಹೋದರು. ಏಳನೆಯ ಮೂಲೆ ಮುಗಿದಾಗ ದೀಪ ಹಸಿರಾಯಿತು. ಎಂಜಿನಿಯರ್ ಎರಡೆರಡು ಸಲ ಪರೀಕ್ಷಿಸಿ, ಐದಕ್ಕೆ ಹದಿನಾಲ್ಕು ನಿಮಿಷವಿರುವಾಗ ವರದಿ ಕಳುಹಿಸಿದರು.

ಬ್ರೇಕಣ್ಣ ಗೋಡೆಯನ್ನು ದಿಟ್ಟಿಸಿ, "ನಾನು ಮೊದಲಿಂದ್ಲೂ ಗುಂಡಗೇ ಇರ್ಲಿ ಅಂತಿದ್ದೆ," ಎಂದರು.

ಮನೆಗೆ ಮರಳಿ ಅತ್ತಿಗೆ ನಾಟಕ ತಂಡದ ಹಳೆಯ ನಕ್ಷೆಯೊಂದನ್ನು ಇಳಿಸಿ ನೋಡಿದರು. ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅದು ಬಂದಿತ್ತು. ಇನ್ನು ಮುಂದೆ ನಕ್ಷೆ ಕಳುಹಿಸಿದ ದಿನವೇ ಬಟ್ಟೆ ಕತ್ತರಿಸುತ್ತೇನೆಂದು ತಂಡಕ್ಕೆ ಬರೆದರು. ಉತ್ತರ ಇನ್ನೂ ಬಂದಿಲ್ಲ. ದೊಡ್ಡ ಕತ್ತರಿಯನ್ನು ಮಾತ್ರ ಆಗಲೇ ಸಾಣೆಗೆ ಕೊಟ್ಟಿದ್ದಾರೆ.

ಇಂದಿನ ಖರ್ಚು: ಕ್ಲಿಪ್ಪು ಒಂದು ಪೊಟ್ಟಣ, ಮೂವತ್ತು. ಕತ್ತರಿ ಸಾಣೆಗೆ ನಲವತ್ತು. ಮೊದಲ ತಿಂಗಳ ಇಂಟರ್‌ನೆಟ್ ಶುಲ್ಕ, ಇನ್ನೂರು. ಬಸ್ಸಿಗೆ ಏನೂ ಇಲ್ಲ.