ಅನ್ನ ಬಿಟ್ಟರೆ ಉಪವಾಸ

ನಮ್ಮವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ವರ್ಷವೇ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಎರಡು ಸಾವಿರದ ಇಸವಿಯ ಆಸುಪಾಸು, ಆಗ ನಾವು ಬಸವನಗುಡಿಯಲ್ಲಿದ್ದೆವು. ಚಾಮರಾಜಪೇಟೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ಊಟದ ವಿಷಯ ಕೇಳಿಕೊಳ್ಳಿ ಎಂದು ಇವರನ್ನು ಪಕ್ಕದ ಕೋಣೆಗೆ ಕಳಿಸಿದರಂತೆ. ಅಲ್ಲಿ ಡಯಟಿಷಿಯನ್ ಆಗಿ ಒಬ್ಬಳು ಹುಡುಗಿ ಇದ್ದಳು.

ಇವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಪಾಠ ಒಪ್ಪಿಸಿದರು. "ಕಾರ್ಬೋಹೈಡ್ರೇಟಲ್ಲಿ ಮೂರು ಥರ ಕಣೇ. ಸಕ್ಕರೆ, ಅದು ತಿಂದ ತಕ್ಷಣ ರಕ್ತಕ್ಕೆ ನುಗ್ಗುತ್ತೆ. ಪಿಷ್ಟ, ಅದೂ ಹೊಟ್ಟೆಗೆ ಹೋದ್ಮೇಲೆ ಸಕ್ಕರೆನೇ ಆಗುತ್ತೆ. ನಾರು ಮಾತ್ರ ಒಳ್ಳೇದು, ಉಳಿದಿದ್ದನ್ನೂ ನಿಧಾನ ಮಾಡುತ್ತೆ. ಎಷ್ಟ್ ಚೆನ್ನಾಗಿ ಹೇಳ್ತಾಳೆ ಗೊತ್ತಾ ಆ ಹುಡುಗಿ."

ನನಗೆ ಮೈ ಉರಿಯಿತು. ಮದುವೆಯಾದಾಗಿನಿಂದ ರಾಗಿ ತಿನ್ನಿ, ಸೊಪ್ಪು ತಿನ್ನಿ, ಹುರುಳಿಕಾಯಿ ಪಲ್ಯ ಇನ್ನೊಂದು ಸಲ ಹಾಕಿಸ್ಕೊಳ್ಳಿ ಎಂದು ಬಡಿದುಕೊಂಡವಳು ನಾನು. ಆಗ ಮುಖ ಸಿಂಡರಿಸುತ್ತಿದ್ದವರು ಈಗ ಬೆಳಗಾಗೆದ್ದು ಚೀಲ ಹಿಡಿದು ಗಾಂಧಿ ಬಜಾರಿನಿಂದ ತಾವೇ ಸೊಪ್ಪು ತಂದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಎರಡನೇ ಸಲ ಅನ್ನ ಹಾಕಹೋದರೆ ತಟ್ಟೆಗೆ ಕೈ ಅಡ್ಡ ಇಟ್ಟು, "ಸಾಕು ಸಾಕು, ಅವಳು ಬೈತಾಳೆ" ಅನ್ನುತ್ತಿದ್ದರು. ಅವಳ್ಯಾರು ಬೈಯೋಕೆ? ಆ ತಟ್ಟೆಗೆ ಏನು ಬೀಳಬೇಕು, ಎಷ್ಟು ಬೀಳಬೇಕು ಅನ್ನುವುದು ಮೊದಲಿಂದಲೂ ನನ್ನ ಕೈಯಲ್ಲಿತ್ತು. ಅದನ್ನು ಯಾರಿಗೂ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಅವಳ ಹಂಗಿಲ್ಲದೆ ಇವರ ಸಕ್ಕರೆ ಇಳಿಸಿ ತೋರಿಸುತ್ತೇನೆ ಎಂದು ಹಟ ಹಿಡಿದೆ. ನಮ್ಮ ಮನೆಗಳಲ್ಲಿ ಏಕಾದಶಿ ಅಂದರೆ ಅನ್ನ ಮುಟ್ಟುವ ಹಾಗಿಲ್ಲ. ಅನ್ನ ಬಿಟ್ಟರೆ ಮುಗಿಯಿತು, ಉಪವಾಸ. ಆಮೇಲೆ ಉಪ್ಪಿಟ್ಟು, ಗೊಜ್ಜವಲಕ್ಕಿ, ಸಬ್ಬಕ್ಕಿ ಪಾಯಸ, ಬಾಳೆಹಣ್ಣು ಎಷ್ಟು ತಿಂದರೂ ಅದು ಫಲಾಹಾರ. ನಾನು ಏಕಾದಶಿಯ ಜೊತೆಗೆ ಸೋಮವಾರ, ಶನಿವಾರವನ್ನೂ ಸೇರಿಸಿದೆ. ಪಾಯಸಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿದೆ. ಇವರು ಮೊದಲ ದಿನ ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ತಿಂದರು. ಇನ್ನೊಂದು ಸೌಟು ಹಾಕಿದರೂ ಅವಳ ಸುದ್ದಿ ಎತ್ತಲಿಲ್ಲ. ಸದ್ಯ, ಗೆದ್ದೆ ಅಂದುಕೊಂಡೆ.

ಮುಂದಿನ ಸಲ ರಕ್ತ ಪರೀಕ್ಷೆಯ ರಿಪೋರ್ಟು ತೋರಿಸಲು ಹೋಗುವಾಗ ನಾನೂ ಹೊರಟೆ. ಅವಳ ಮುಖ ನೋಡಬೇಕಿತ್ತು. ಚೆನ್ನಾಗಿಯೇ ಇದ್ದಳು, ಹಾಳಾದವಳು. ರಿಪೋರ್ಟು ಬಿಡಿಸಿ ನೋಡಿ ಹುಬ್ಬು ಗಂಟಿಕ್ಕಿದಳು. ಸಕ್ಕರೆ ಇಳಿಯುವುದಿರಲಿ, ಮೊದಲಿಗಿಂತ ಏರಿತ್ತು.

ಅವಳ ಹಿಂದಿನ ಗೋಡೆಯ ಮೇಲೆ ಒಂದು ಪಟ ಇತ್ತು. ಪಿಷ್ಟ ಎಂದು ಬರೆದ ಸಾಲಿನಲ್ಲಿ ಅನ್ನದ ಪಕ್ಕಕ್ಕೇ ರವೆ, ಅವಲಕ್ಕಿ, ಸಬ್ಬಕ್ಕಿ. ಆ ಸಾಲನ್ನು ಇನ್ನೊಂದು ಸಲ ಓದಿದೆ.

"ಮನೇಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ ಸರ್?" ಎಂದು ಕೇಳಿ ಅವಳು ನನ್ನ ಕಡೆ ನೋಡಿದಳು.

"ಮನೇಲಿ ಸರಿಯಾಗೇ ಮಾಡ್ತಾರಮ್ಮ" ಅಂದರು ಇವರು. "ನಾನೇ ಆಫೀಸ್ ಹತ್ರ ಹೋಟ್ಲಲ್ಲಿ ದೋಸೆ, ಜಾಮೂನು ಅಂತ ತಿಂದ್ಬಿಟ್ಟೆ."

ಹೋಟೆಲಿನ ನೀರೂ ಕುಡಿಯದ ಮನುಷ್ಯ. ಅವಳು ಚೆನ್ನಾಗಿ ಬೈದಳು. ಇವರು ತಲೆ ತಗ್ಗಿಸಿ ಬೈಸಿಕೊಂಡರು. ಅದನ್ನು ನೋಡುತ್ತಾ ಕೂರುವುದು ನನ್ನಿಂದ ಆಗಲಿಲ್ಲ.

ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಕೇಳಿದೆ. "ಉಪ್ಪಿಟ್ಟು, ಅವಲಕ್ಕಿ ಎಲ್ಲಾ ಒಂದೇ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಮೊದಲ್ನೇ ದಿನಾನೇ ಹೇಳಿದ್ಲು."

"ಮತ್ತೆ ಯಾಕೆ ತಿಂದ್ರಿ?"

"ನೀನು ಬಡಿಸ್ದೆ."

ಇವರನ್ನು ಅಲ್ಲೇ ನಿಲ್ಲಿಸಿ ನಾನು ಮತ್ತೆ ಮೆಟ್ಟಿಲು ಹತ್ತಿದೆ. ಆ ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂತೆ.

"ಇನ್ಮೇಲೆ ಅವರಿಗೆ ಏನೂ ಹೇಳ್ಬೇಡಮ್ಮ" ಅಂದೆ. "ನನಗೆ ಹೇಳು."