ಹತ್ತು ದಿನದ ಗುಳಿಗೆ

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸೀರೆ ನೇಯುತ್ತಿದ್ದವರನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗಕ್ಕೆ ಅವರು ಆರು ತಿಂಗಳು ಗುಳಿಗೆ ನುಂಗಬೇಕಿತ್ತು. ದಣಿವಾದಾಗ ಮಗ್ಗದ ಮುಂದೆಯೇ ಗೋಡೆಗೆ ಒರಗುವರು. ಯಾರಾದರೂ ಬಂದರೆ ತಟ್ಟನೆ ಲಾಳಿ ಹಿಡಿಯುವರು. ಹೇಗಿದ್ದೀರಿ ಎಂದು ಕೇಳಿದರೆ, "ನಡದೈತಿ ಬಿಡು" ಎಂಬ ಒಂದೇ ಉತ್ತರ.

ಆ ಗುಳಿಗೆಯಿಂದಲೇ ರಕ್ತ ತೀರ ಕಡಿಮೆಯಾದದ್ದರಿಂದ, ಆರು ತಿಂಗಳು ತುಂಬಲು ಹತ್ತು ದಿನ ಇರುವಾಗಲೇ ಡಾಕ್ಟರು ಅದನ್ನು ನಿಲ್ಲಿಸಿದರು. ಹತ್ತೋ ಹನ್ನೆರಡೋ, ನನ್ನ ನೆನಪನ್ನು ಪೂರ್ತಿ ನಂಬಲಾರೆ. ನಾನು ಆಡಿದ ಮಾತು ಮಾತ್ರ ಮರೆತಿಲ್ಲ: "ರೋಗ ತಿರುಗಿ ಬಂದರ? ಉಳಿದದ್ದನ್ನ ಸುಮ್ನ ನುಂಗಿಬಿಡ್ರಿ ದೊಡ್ಡವ್ವ."

ಅವರು ನಕ್ಕರು. "ಭಾಳ ಓದೀದಿ, ಅದಕ್ಕ ಅಂಜತಿ. ಡಾಕ್ಟರ ಸಾಕ ಅಂದಾರ. ಮಗ್ಗದ ಉದ್ದನ ಎಳಿ, ಹಾಸು, ಅದರ ಕಡೀ ಗೇಣು ನಾವೂ ನೇಯೂದಿಲ್ಲ, ಮುಂದಿನ ಹಾಸಿನ ಹೊಸ ಎಳಿ ಅದಕ್ಕ ಗಂಟ ಹಾಕಬೇಕಲ್ಲ. ಅಷ್ಟಕ್ಕ ಸೀರಿ ಗಿಡ್ಡ ಆಗತೈತೇನ?"

ಮರುದಿನವೇ ಉಳಿದ ಗುಳಿಗೆಗಳನ್ನು ಆಸ್ಪತ್ರೆಗೆ ಮರಳಿಸಿ ಬಂದರು. ಸೀರೆಗೂ ರೋಗಕ್ಕೂ ಏನು ಸಂಬಂಧ ಎಂದು ನನಗೆ ಸಿಟ್ಟೇ ಬಂದಿತ್ತು. ಅದು ಅವರ ಮೇಲಿನ ಕಾಳಜಿಯೋ ನನ್ನ ಓದಿನ ಹಮ್ಮೋ, ಈಗಲೂ ತಿಳಿಯದು.

ರೋಗ ಹೋಗಿದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಮೂರು ತಿಂಗಳ ಬಳಿಕ ಆಯಿತು. ಅದರ ಕಾಗದ ಓದಲು ನನ್ನನ್ನೇ ಕರೆದರು. ಒಂದು ಸಲಕ್ಕೆ ನಂಬದೆ ಎರಡು ಸಲ ಓದಿದೆ.

"ವೈರಸ್ ಇಲ್ಲ ದೊಡ್ಡವ್ವ. ಪೂರಾ ಹೋಗೇತಿ."

ಅವರು ಒಳಗಿದ್ದ ಸೊಸೆಯನ್ನು ಕೂಗಿದರು: "ಲೇ, ಸಕ್ರಿ ಜಾಸ್ತಿ ಹಾಕಿ ಚಾ ತಾ. ನನಗಲ್ಲ, ಈಕಿಗೆ. ನೋಡಿಲ್ಲೆ, ಹೆಂಗ ಬೆವತಾಳ!"