ಒಂದು ಒದೆಗಾಗಿ

ನಲವತ್ತಮೂರಕ್ಕೆ ಮೊದಲ ಹೆರಿಗೆ ಎಂದರೆ ಊರಿನವರೆಲ್ಲ ಡಾಕ್ಟರುಗಳೇ. ನಮ್ಮ ಭದ್ರಾವತಿಯ ಓಲ್ಡ್ ಟೌನಿನಲ್ಲಿ ತರಕಾರಿಯವಳು ಕೂಡ, "ಈ ವಯಸ್ಸಲ್ಲಿ ಹುಷಾರು ಕಣಕ್ಕಾ" ಅನ್ನದೆ ಬದನೆಕಾಯಿ ತೂಗುತ್ತಿರಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆದರೂ ಸುಮ್ಮನಿರುತ್ತಿದ್ದೆ. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿದ್ದರಿಂದ, ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ನಾನೇ.

ಅತ್ತೆಯಂತೂ ಈ ಸಲ ಮಗುವಿನ ಮಾತನ್ನೇ ಎತ್ತಿರಲಿಲ್ಲ. ಬಾಯಿಬಿಟ್ಟರೆ ದೃಷ್ಟಿಯಾದೀತೆಂಬ ಭಯ ಅವರಿಗೆ. ನನಗೆ ಬೇಕಾದ್ದೆಲ್ಲ ಮಾಡಿ ಹಾಕುತ್ತಿದ್ದರು, ಆದರೆ ಒಂದು ದಿನವೂ ಹೊಟ್ಟೆ ಮುಟ್ಟಿ ನೋಡಿದವರಲ್ಲ.

ಒಂಬತ್ತನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮಗು ಅಲುಗಾಡಲಿಲ್ಲ. ತಿಂಡಿ ತಿಂದೆ, ಎಡಮಗ್ಗುಲಾಗಿ ಮಲಗಿದೆ, ಹೊಟ್ಟೆ ಸವರಿ ಬೇಡಿಕೊಂಡೆ. ಏನೂ ಇಲ್ಲ. ಶಿವಮೊಗ್ಗದ ಡಾಕ್ಟರಿಗೆ ಫೋನ್ ಮಾಡಿದರೆ, "ಈಗಲೇ ಹೊರಟು ಬನ್ನಿ" ಎಂದರು. ಗಂಡ ಬೇರೆ ಊರಿಗೆ ಹೋಗಿದ್ದರು. ಕಾರು ಹುಡುಕುತ್ತ ಕೂರಲು ಜೀವ ತಡೆಯದೆ ಅತ್ತೆಯೂ ನಾನೂ ಸಿಕ್ಕಿದ ಬಸ್ಸು ಹತ್ತಿದೆವು.

ಪ್ರೈವೇಟ್ ಬಸ್ಸು. ಕಿವಿ ಹರಿಯುವಷ್ಟು ಜೋರಾಗಿ ಹಾಡು. ಅತ್ತೆ ಕಂಡಕ್ಟರನನ್ನು ಕರೆದು, "ಸೌಂಡ್ ಕಮ್ಮಿ ಮಾಡ್ಸಪ್ಪಾ, ತುಂಬಿದ ಬಸುರಿ ಇದಾಳೆ" ಎಂದರು. ಅವನು ಡ್ರೈವರನ ಕಡೆ ತಿರುಗುವಷ್ಟರಲ್ಲಿ ನನ್ನ ಪಕ್ಕೆಗೆ ಒಂದು ಒದೆ ಬಿತ್ತು.

"ಕಮ್ಮಿ ಮಾಡ್ಬೇಡ್ರೀ!" ಎಂದು ಕಿರುಚಿದೆ. "ಇನ್ನೂ ಜಾಸ್ತಿ ಮಾಡಿ!"

ಇಡೀ ಬಸ್ಸು ನನ್ನನ್ನು ನೋಡಿತು. ನೋಡಲಿ ಬಿಡಿ. ಅತ್ತೆಯ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡೆ. ಎರಡನೇ ಒದೆ ಅವರ ಅಂಗೈಗೇ ಬಿತ್ತು. ಶಿವಮೊಗ್ಗ ಬರುವವರೆಗೂ ಅವರು ಆ ಕೈ ತೆಗೆಯಲಿಲ್ಲ, ನನ್ನ ಮುಖ ನೋಡಲೂ ಇಲ್ಲ. ಕಿಟಕಿಯ ಕಡೆ ತಿರುಗಿಕೊಂಡು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಬೆಲ್ಟು ಕಟ್ಟಿ ಮಗುವಿನ ಎದೆಬಡಿತ ಕೇಳಿಸಿದರು. ಸ್ಕ್ಯಾನ್ ನೋಡಿದ ಡಾಕ್ಟರು, "ಒದೀತಲ್ಲ ಅಂತ ಅರ್ಧ ದಾರಿಗೇ ವಾಪಸ್ ಹೋಗ್ಲಿಲ್ವಲ್ಲ, ಪುಣ್ಯ. ಮಗು ಸುತ್ತ ಇರೋ ನೀರು ತುಂಬಾ ಕಮ್ಮಿ ಆಗಿದೆ. ಇನ್ನು ಕಾಯೋದು ಬೇಡ" ಎಂದರು. ಮಧ್ಯಾಹ್ನವೇ ಆಪರೇಷನ್ ಆಯಿತು. ಪರದೆಯ ಆಚೆಯಿಂದ ಮಗಳ ಅಳು ಕೇಳಿದಾಗ, ಬದುಕಿದೆಯಾ ಬಡಜೀವವೇ ಅನ್ನಿಸಿತು. ನನ್ನ ಅಳು ಅದಕ್ಕಿಂತ ಜೋರಾಗಿತ್ತೆಂದು ನರ್ಸ್ ಆಮೇಲೆ ಆಡಿಕೊಂಡು ನಕ್ಕಳು.

ಮನೆಗೆ ಬಂದ ಮೇಲೆ ನನಗೊಂದು ಚಟ ಹತ್ತಿತು. ಮಗು ಸ್ವಲ್ಪ ಹೊತ್ತು ಅಲುಗದೆ ಮಲಗಿದರೆ ಸಾಕು, ಕೆನ್ನೆ ಮುಟ್ಟಿ ಎಬ್ಬಿಸಿಬಿಡುತ್ತಿದ್ದೆ. ಅದು ಸೂರು ಹಾರುವಂತೆ ಅಳುತ್ತಿತ್ತು. ಅತ್ತೆಗೆ ರೇಗುತ್ತಿತ್ತು. "ನಿದ್ದೆ ಮಾಡೋ ಕೂಸನ್ನ ಯಾರಾದ್ರೂ ಎಬ್ಬಿಸ್ತಾರಾ ಮಾರಾಯ್ತಿ? ನಿಂಗೇನು ಬುದ್ಧಿ ಇಲ್ವಾ?"

ಒಂದು ಮಧ್ಯಾಹ್ನ ನಾನು ಸುಮ್ಮನೆ ಕಣ್ಣು ಮುಚ್ಚಿ ಮಲಗಿದ್ದೆ. ಅತ್ತೆ ಸದ್ದು ಮಾಡದೆ ಒಳಗೆ ಬಂದರು. ನನಗೆ ನಿದ್ದೆ ಬಂದಿದೆಯೆಂದುಕೊಂಡು ತೊಟ್ಟಿಲಿಗೆ ಬಗ್ಗಿ, ಮಗುವಿನ ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ಕಚಗುಳಿಯಿಟ್ಟರು. ಅದು ಕಾಲು ಝಾಡಿಸಿತು. ಅವರು ಉಸಿರು ಬಿಟ್ಟು, ಬಂದ ಹಾಗೆಯೇ ಅಡುಗೆಮನೆಗೆ ಹೋದರು.